ಮಗುವಿನ ತಲೆನೋವು ನೆವ ಅಲ್ಲ
ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಲ್ಲಿ ಮೆದುಳಿನ ಲಿಂಫೋಮಾ

ಈ ಸಲದ ಆರೋಗ್ಯ ಪಾಠಕ್ಕೆ ನಾವು ಒಂದು ಅಪರೂಪದ ರೋಗವನ್ನು ಆರಿಸಿಕೊಂಡಿದ್ದೇವೆ. "ಅಪರೂಪದ್ದಾದರೆ ನಮಗ್ಯಾಕೆ ಸಿಸ್ಟರ್, ರಕ್ತಹೀನತೆ, ಟಿ.ಬಿ. ಬಗ್ಗೆ ಬರೀರಿ" ಎಂದು ನಮ್ಮ ಕಾರ್ಯಕರ್ತೆಯರೇ ಕೇಳಿದರು. ಕೇಳಿದ್ದು ಸರಿಯೇ. ಆದರೆ ಈ ರೋಗಕ್ಕೆ ಹೋಗುವ ದಾರಿ ಅಪರೂಪದ್ದಲ್ಲ. ತಪ್ಪಿಹೋದ ಮಾತ್ರೆ, ಕಡೆಗಣಿಸಿದ ತಲೆನೋವು, ಗುಟ್ಟಾಗಿ ಇಟ್ಟ ರೋಗದ ಹೆಸರು ಇವೆಲ್ಲ ನಮ್ಮ ಊರುಗಳಲ್ಲಿ ದಿನಾಲೂ ಕಾಣುವ ಸಂಗತಿಗಳು. ಆದ್ದರಿಂದ ಸ್ವಸಹಾಯ ಸಂಘದ ಸದಸ್ಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಶಿಕ್ಷಕರು ಎಲ್ಲರೂ ಈ ಪಾಠವನ್ನು ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಒಂದು ಘಟನೆ

ಕೆಲವು ವರ್ಷಗಳ ಹಿಂದಿನ ಮಾತು. ಕಬ್ಬು ಬೆಳೆಯುವ ಸೀಮೆಯ ಒಂದು ಹಳ್ಳಿಯಲ್ಲಿ ಒಂಬತ್ತು ವರ್ಷದ ಹುಡುಗಿ ಅಜ್ಜಿಯ ಜೊತೆ ಇದ್ದಳು. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಮಗುವಿಗೆ ಹುಟ್ಟಿನಿಂದಲೇ ಎಚ್.ಐ.ವಿ. ಸೋಂಕು ಇತ್ತು. ಎ.ಆರ್.ಟಿ. ಕೇಂದ್ರದಲ್ಲಿ ಹೆಸರು ದಾಖಲಾಗಿತ್ತು, ಆದರೆ ಮಾತ್ರೆ ಅಷ್ಟಕ್ಕಷ್ಟೆ. ಕಬ್ಬಿನ ಹಂಗಾಮಿನಲ್ಲಿ ಅಜ್ಜಿ ಮಗುವನ್ನೂ ಕರೆದುಕೊಂಡು ಗ್ಯಾಂಗಿನ ಜೊತೆ ಮಹಾರಾಷ್ಟ್ರಕ್ಕೆ ಹೋದರೆ ತಿಂಗಳುಗಟ್ಟಲೆ ಮಾತ್ರೆಯೇ ಇಲ್ಲ. ಹೀಗೆ ಎರಡು ವರ್ಷ ನಡೆಯಿತು.

ಜೂನ್ ತಿಂಗಳಲ್ಲಿ ನಾವು ಮನೆಭೇಟಿಗೆ ಹೋದಾಗ ಅಜ್ಜಿ ಹೇಳಿದ್ದು ಇಷ್ಟು: "ಏನ್ ಹೇಳ್ಲಿ ಸಿಸ್ಟರ್, ಮುಂಜಾನೆದ್ದ ಕೂಡ್ಲೆ ತಲಿ ನೋಯ್ತೈತಿ ಅಂತಾಳ. ಒಮ್ಮೆ ವಾಂತಿ ಮಾಡ್ಕೊಂಡ್ರ ಆರಾಮ ಆಗ್ತಾಳ. ಸಾಲಿ ತಪ್ಪಿಸಾಕ ನೆವ ಹುಡುಕ್ತಾಳ್ರಿ." ಶಾಲೆಯಲ್ಲಿ ವಿಚಾರಿಸಿದರೆ ಟೀಚರ್ ಹುಡುಗಿಯ ಬರಹದ ಪುಸ್ತಕ ತೋರಿಸಿದರು. ಮಾರ್ಚ್ ತಿಂಗಳವರೆಗೆ ಅಕ್ಷರಗಳು ದುಂಡಗಿದ್ದವು. ಜೂನ್‌ನಲ್ಲಿ ಗೆರೆ ಬಿಟ್ಟು ಕೆಳಗಿಳಿದಿದ್ದವು. "ಓದಿನ ಮ್ಯಾಲೆ ಲಕ್ಷ್ಯ ಇಲ್ರಿ" ಎಂದರು. ಅಜ್ಜಿ ದೃಷ್ಟಿ ತೆಗೆಸಿದ್ದರು, ಪಿತ್ತದ ಔಷಧಿ ಕೊಡಿಸಿದ್ದರು. ಆ ದಿನ ನಾವು ಕೂಡ "ಮಾತ್ರೆ ಸರಿಯಾಗಿ ಕೊಡಿ ಆಯಿ" ಎಂದು ಹೇಳಿ ಬಂದುಬಿಟ್ಟೆವು.

ಜುಲೈ ತಿಂಗಳಲ್ಲಿ ಪಕ್ಕದ ಊರಿನ ಒಂದು ದವಾಖಾನೆಯಲ್ಲಿ ಮಗುವಿಗೆ ಕೆಲವು ದಿನ ಸೂಜಿ ಹಾಕಿದರು. ತಲೆನೋವು ನಿಂತಿತು, ವಾಂತಿ ನಿಂತಿತು. ಮಗು ಆಟಕ್ಕೂ ಹೋಯಿತು. ನಾವೂ ಸಂತೋಷಪಟ್ಟೆವು. ಎರಡೇ ವಾರದಲ್ಲಿ ನೋವು ತಿರುಗಿ ಬಂತು. ಈ ಸಲ ಬಲಗಾಲು ಎಳೆಯತೊಡಗಿತು, ಒಂದು ರಾತ್ರಿ ಫಿಟ್ಸ್ ಬಂತು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಸ್ಕ್ಯಾನಿನಲ್ಲಿ ಮೆದುಳಿನೊಳಗೆ ಗಡ್ಡೆ ಕಂಡಿತು. ಸಿ.ಡಿ.4 ಕಣಗಳ ಸಂಖ್ಯೆ 18 ಕ್ಕೆ ಇಳಿದಿತ್ತು. ಮೊದಲ ಬಯಾಪ್ಸಿಯಲ್ಲಿ ಏನೂ ಸ್ಪಷ್ಟವಾಗಲಿಲ್ಲ. "ಮೊದಲು ಏನಾದರೂ ಸ್ಟಿರಾಯ್ಡ್ ಕೊಟ್ಟಿದ್ದರಾ?" ಎಂದು ವೈದ್ಯರು ಕೇಳಿದರು. ಚೀಟಿ ಯಾರ ಹತ್ತಿರವೂ ಇರಲಿಲ್ಲ. ಎರಡನೇ ಬಯಾಪ್ಸಿಯಲ್ಲಿ ಲಿಂಫೋಮಾ ಎಂದು ಗೊತ್ತಾಯಿತು. ಚಿಕಿತ್ಸೆ ಶುರುವಾಗುವ ಹೊತ್ತಿಗೆ ಮಗು ಹಾಸಿಗೆ ಹಿಡಿದಿತ್ತು. ದೀಪಾವಳಿಗೆ ಮೊದಲೇ ತೀರಿಕೊಂಡಿತು.

ಆ ಮಗು ಕಲಿಸಿದ್ದನ್ನೇ ಈ ಪಾಠದಲ್ಲಿ ಬರೆಯುತ್ತಿದ್ದೇವೆ.

ಏನಿದು ಲಿಂಫೋಮಾ?

ನಮ್ಮ ರಕ್ತದಲ್ಲಿರುವ ಬಿಳಿ ಕಣಗಳಲ್ಲಿ ಲಿಂಫೋಸೈಟ್ ಎಂಬುದು ಒಂದು ಜಾತಿ. ರೋಗಾಣುಗಳ ವಿರುದ್ಧ ಹೋರಾಡುವುದು ಇವುಗಳ ಕೆಲಸ. ಇವುಗಳಲ್ಲಿ ಬಿ ಕಣ, ಟಿ ಕಣ ಎಂದು ಎರಡು ಮುಖ್ಯ ಗುಂಪುಗಳಿವೆ. ಈ ಕಣಗಳೇ ಹದ್ದು ಮೀರಿ ಬೆಳೆದು ಗಡ್ಡೆಯಾದರೆ ಅದು ಲಿಂಫೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್. ಸಾಮಾನ್ಯವಾಗಿ ಕುತ್ತಿಗೆ, ಕಂಕುಳು, ಹೊಟ್ಟೆಯ ಗ್ರಂಥಿಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ದೇಹದ ಬೇರೆಲ್ಲೂ ಇಲ್ಲದೆ ಮೆದುಳು, ಬೆನ್ನುಹುರಿ ಅಥವಾ ಕಣ್ಣಿನ ಒಳಭಾಗದಲ್ಲಿ ಮಾತ್ರ ಶುರುವಾದರೆ ಅದನ್ನು ಮೆದುಳಿನ ಪ್ರಾಥಮಿಕ ಲಿಂಫೋಮಾ ಎನ್ನುತ್ತಾರೆ. ಇದರಲ್ಲಿ ಹೆಚ್ಚಿನವು ಬಿ ಕಣಗಳಿಂದ ಹುಟ್ಟಿದವು. ಆರೋಗ್ಯವಂತ ಮಕ್ಕಳಲ್ಲಿ ಇದು ಬಹಳ ಬಹಳ ಕಡಿಮೆ.

ಶಕ್ತಿ ಕುಂದಿದ ಮಕ್ಕಳಿಗೇ ಏಕೆ?

ಇದರ ಹಿಂದೆ ಒಂದು ವೈರಸ್ ಇದೆ. 1958 ರಲ್ಲಿ ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅಲ್ಲಿನ ಮಕ್ಕಳ ದವಡೆಯಲ್ಲಿ ಬರುವ ಒಂದು ಬಗೆಯ ಗಡ್ಡೆಯ ಬಗ್ಗೆ ಬರೆದರು. ಅದೂ ಲಿಂಫೋಮಾವೇ. ಆ ಗಡ್ಡೆಯ ಕಣಗಳನ್ನು ಪರೀಕ್ಷಿಸಿದ ಎಪ್‌ಸ್ಟೀನ್, ಅಚಾಂಗ್ ಮತ್ತು ಬಾರ್ ಎಂಬ ಮೂವರು ವಿಜ್ಞಾನಿಗಳು 1964 ರಲ್ಲಿ ಅದರೊಳಗೆ ಒಂದು ವೈರಸ್ ಕಂಡರು. ಅದಕ್ಕೆ ಎಪ್‌ಸ್ಟೀನ್-ಬಾರ್ ವೈರಸ್ ಎಂದು ಹೆಸರಾಯಿತು. ಚಿಕ್ಕದಾಗಿ ಇ.ಬಿ.ವಿ. ಎನ್ನುತ್ತಾರೆ.

ಇ.ಬಿ.ವಿ. ಎಂದರೆ ಹೆದರಬೇಕಾಗಿಲ್ಲ. ಇದು ಜೊಲ್ಲಿನ ಮೂಲಕ ಹರಡುತ್ತದೆ. ನಮ್ಮ ದೇಶದಲ್ಲಿ ಹೆಚ್ಚಿನ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಇದು ಬಂದುಹೋಗಿರುತ್ತದೆ. ನಿಮ್ಮಲ್ಲೂ ನಮ್ಮಲ್ಲೂ ಇರಬಹುದು. ಒಮ್ಮೆ ಒಳಗೆ ಬಂದ ಮೇಲೆ ಅದು ಬಿ ಕಣಗಳಲ್ಲಿ ಜೀವನಪೂರ್ತಿ ಮಲಗಿರುತ್ತದೆ. ಟಿ ಕಣಗಳು ಅದನ್ನು ಕಾಯುತ್ತಿರುತ್ತವೆ. ಹೊಲ ಕಾಯುವವರು ಇರುವವರೆಗೆ ದನ ಒಳಗೆ ನುಗ್ಗುವುದಿಲ್ಲ. ಕಾಯುವವರು ಇಲ್ಲವಾದರೆ? ಟಿ ಕಣಗಳು ಬಹಳ ಕಡಿಮೆಯಾದಾಗ ಇ.ಬಿ.ವಿ. ಹೊಕ್ಕ ಬಿ ಕಣಗಳು ಮಿತಿಯಿಲ್ಲದೆ ಬೆಳೆಯಬಹುದು. ಮೆದುಳಿನಲ್ಲಿ ಮೊದಲೇ ಈ ಕಾವಲು ಕಡಿಮೆ. ಹಾಗಾಗಿ ಅಲ್ಲಿ ಗಡ್ಡೆ ಬೆಳೆಯಲು ಅವಕಾಶ ಸಿಗುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಬರುವ ಮೆದುಳಿನ ಲಿಂಫೋಮಾದಲ್ಲಿ ಹೆಚ್ಚುಕಡಿಮೆ ಯಾವಾಗಲೂ ಈ ವೈರಸ್ ಸಿಗುತ್ತದೆ.

ಈ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮಗುವಿನ ಜೊತೆ ಊಟ ಮಾಡಿದರೆ, ಆಡಿದರೆ, ಮಲಗಿದರೆ ಬರುವುದಿಲ್ಲ.

ಯಾವ ಮಕ್ಕಳು ಜಾಗ್ರತೆಯಲ್ಲಿರಬೇಕು?

1. ಎಚ್.ಐ.ವಿ. ಇರುವ ಮಕ್ಕಳು, ಅದರಲ್ಲೂ ಚಿಕಿತ್ಸೆ ಶುರುವಾಗದವರು ಅಥವಾ ನಡುವೆ ಬಿಟ್ಟವರು. ದೊಡ್ಡವರಲ್ಲಿ ಈ ರೋಗ ಕಾಣಿಸಿಕೊಂಡಾಗ ಸಿ.ಡಿ.4 ಸಾಮಾನ್ಯವಾಗಿ 50 ಕ್ಕಿಂತ ಕೆಳಗೆ ಇರುತ್ತದೆ. ಸಿ.ಡಿ.4 ಎಂದರೆ ಮೇಲೆ ಹೇಳಿದ ಟಿ ಕಣಗಳಲ್ಲೇ ಒಂದು ಬಗೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಸಂಖ್ಯೆಗಿಂತ ಶೇಕಡಾ ಲೆಕ್ಕವನ್ನು ನೋಡುವುದು ಹೆಚ್ಚು.

2. ಮೂತ್ರಪಿಂಡ, ಯಕೃತ್ತು, ಹೃದಯ ಅಥವಾ ಅಸ್ಥಿಮಜ್ಜೆಯ ಕಸಿ ಆದ ಮಕ್ಕಳು. ಕಸಿಯಾದ ಅಂಗವನ್ನು ದೇಹ ತಳ್ಳಿಹಾಕದಂತೆ ಇವರಿಗೆ ಶಕ್ತಿ ಕುಗ್ಗಿಸುವ ಔಷಧಿ ಕೊಟ್ಟಿರುತ್ತಾರೆ.

3. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ದೋಷ ಇರುವ ಮಕ್ಕಳು. ಉದಾಹರಣೆಗೆ, ವಿಸ್ಕಾಟ್-ಆಲ್ಡ್ರಿಚ್ ಎಂಬ ಕಾಯಿಲೆ ಗಂಡುಮಕ್ಕಳಿಗೆ ಬರುತ್ತದೆ. ಮೈಮೇಲೆ ತುರಿಗಜ್ಜಿಯಂಥ ಇಸುಬು, ಸಣ್ಣ ಪೆಟ್ಟಿಗೂ ರಕ್ತಸ್ರಾವ, ಮೇಲಿಂದ ಮೇಲೆ ಕಿವಿ ಸೋರುವುದು, ನ್ಯುಮೋನಿಯಾ ಇವು ಅದರ ಗುರುತು. ಇನ್ನೊಂದು ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ. ನಡೆಯಲು ಕಲಿತ ಮಗು ಬರಬರುತ್ತಾ ತೂರಾಡುತ್ತದೆ, ಕಣ್ಣಿನ ಬಿಳಿಭಾಗದಲ್ಲಿ ಕೆಂಪು ನರಗಳು ಎದ್ದು ಕಾಣುತ್ತವೆ. ಇದು ತಂದೆ ತಾಯಿ ಇಬ್ಬರ ಕಡೆಯಿಂದಲೂ ದೋಷ ಬಂದಾಗ ಮಾತ್ರ ಕಾಣುವ ಕಾಯಿಲೆ. ಸೋದರಮಾವ, ಅಕ್ಕನ ಮಗಳು ಎಂದು ಒಳಸಂಬಂಧದಲ್ಲಿ ಮದುವೆಯಾಗುವ ಮನೆತನಗಳಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಹೆಚ್ಚು.

ನಮ್ಮ ಕಾರ್ಯಕ್ಷೇತ್ರದಲ್ಲಿ ನಾವು ಹೆಚ್ಚು ಕಾಣುವುದು ಮೊದಲನೇ ಗುಂಪಿನ ಮಕ್ಕಳನ್ನು. ಆದ್ದರಿಂದ ಮುಂದಿನ ಮಾತು ಹೆಚ್ಚಾಗಿ ಅವರ ಬಗ್ಗೆಯೇ.

ಲಕ್ಷಣಗಳು

ಮೆದುಳಿನ ಗಡ್ಡೆ ಹೊರಗೆ ಕಾಣುವುದಿಲ್ಲ. ಮಗುವಿನ ನಡೆನುಡಿಯಲ್ಲಿ ಕಾಣುತ್ತದೆ. ಮೇಲೆ ಹೇಳಿದ ಮಕ್ಕಳಲ್ಲಿ ಈ ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೂ ಕಾಯಬಾರದು:

* ಬೆಳಿಗ್ಗೆ ಎದ್ದಾಗ ತಲೆನೋವು, ಹೊಟ್ಟೆ ಕೆಡದೆಯೂ ವಾಂತಿ
* ಫಿಟ್ಸ್, ಅಥವಾ ಕೆಲವು ಕ್ಷಣ ಮೈಮರೆತಂತೆ ನೋಡುತ್ತಾ ನಿಲ್ಲುವುದು
* ಒಂದು ಕೈ ಅಥವಾ ಕಾಲು ಸೋಲುವುದು, ಚಪ್ಪಲಿ ಜಾರುವುದು, ತೂರಾಡುವುದು
* ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಹೊಸದಾಗಿ ಬಂದ ಮೆಳ್ಳಗಣ್ಣು
* ಮಾತು ತೊದಲುವುದು, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು
* ಅಕ್ಷರ ಕೆಡುವುದು, ಕಲಿತದ್ದು ಮರೆಯುವುದು, ಇದ್ದಕ್ಕಿದ್ದಂತೆ ಸಿಡುಕುವುದು ಅಥವಾ ಮಂಕಾಗುವುದು
* ಎಳೆಯ ಮಕ್ಕಳಲ್ಲಿ ನೆತ್ತಿ ಉಬ್ಬುವುದು, ಕೂರುತ್ತಿದ್ದ ಮಗು ಕೂರದಿರುವುದು

ಇವುಗಳಲ್ಲಿ ಕೊನೆಯ ಎರಡನ್ನು ಯಾವ ಯಂತ್ರವೂ ಮೊದಲು ಹಿಡಿಯುವುದಿಲ್ಲ. ತಾಯಿ, ಅಜ್ಜಿ, ಅಂಗನವಾಡಿ ಟೀಚರ್, ಪಕ್ಕದ ಬೆಂಚಿನ ಗೆಳತಿ ಹಿಡಿಯುತ್ತಾರೆ. ಆ ಹುಡುಗಿಯ ಬರಹದ ಪುಸ್ತಕದಲ್ಲಿ ರೋಗ ಜೂನ್ ತಿಂಗಳಲ್ಲೇ ಬರೆದಿಟ್ಟಿತ್ತು. ಓದುವವರು ನಾವಾಗಲಿಲ್ಲ.

ಗಡ್ಡೆ ಎಂದರೆಲ್ಲ ಕ್ಯಾನ್ಸರ್ ಅಲ್ಲ

ಇದು ಈ ಪಾಠದ ಮುಖ್ಯ ಮಾತು. ದಯವಿಟ್ಟು ಎರಡು ಸಲ ಓದಿ.

ಎಚ್.ಐ.ವಿ. ಇರುವ ಮಗುವಿನ ಮೆದುಳಿನ ಸ್ಕ್ಯಾನಿನಲ್ಲಿ ಗಡ್ಡೆ ಕಂಡರೆ ಅದು ಲಿಂಫೋಮಾ ಇರಬಹುದು. ಟಿ.ಬಿ. ಗಡ್ಡೆಯೂ ಇರಬಹುದು. ನಮ್ಮ ದೇಶದಲ್ಲಿ ಇದನ್ನು ಯಾವಾಗಲೂ ನೆನಪಿಡಬೇಕು. ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕು, ಲಾಡಿಹುಳುವಿನ ಮರಿಗೂಡು, ಶಿಲೀಂಧ್ರದ ಸೋಂಕು, ಕೀವುಗಡ್ಡೆ ಇವೂ ಆಗಬಹುದು. ಸ್ಕ್ಯಾನಿನಲ್ಲಿ ಇವೆಲ್ಲ ಒಂದೇ ರೀತಿ ಉಂಗುರದಂತೆ ಕಾಣುವುದುಂಟು. ಇವುಗಳಲ್ಲಿ ಹೆಚ್ಚಿನವು ಔಷಧಿಯಿಂದ ಗುಣವಾಗುವಂಥವು.

ಆ ಹುಡುಗಿ ತೀರಿಕೊಂಡ ಮೂರು ವರ್ಷಕ್ಕೆ ಹನ್ನೊಂದು ವರ್ಷದ ಒಬ್ಬ ಹುಡುಗನಿಗೆ ಅದೇ ರೀತಿಯ ತಲೆನೋವು, ಒಂದು ಸಲ ಫಿಟ್ಸ್. ಈ ಸಲ ನಮ್ಮ ಕಾರ್ಯಕರ್ತೆ ಮರುದಿನವೇ ಎ.ಆರ್.ಟಿ. ಕೇಂದ್ರಕ್ಕೆ ಕರೆದೊಯ್ದರು. ಸ್ಕ್ಯಾನಿನಲ್ಲಿ ಎರಡು ಗಡ್ಡೆ. ಹುಡುಗನ ಕಾಕಾ "ಮೆದುಳಾಗ ಗಡ್ಡಿ ಅಂದ್ರ ಮುಗೀತ್ರಿ, ಮನಿಗೆ ಒಯ್ತೀವಿ" ಎಂದು ಗಾಡಿ ಹುಡುಕಲು ಹೊರಟಿದ್ದರು. ಅವರನ್ನು ಕೂರಿಸಿ ಮಾತಾಡಲು ಒಂದು ಇಡೀ ಸಂಜೆ ಹಿಡಿಯಿತು. ಪರೀಕ್ಷೆಗಳೆಲ್ಲ ಮುಗಿದಾಗ ಅದು ಟಿ.ಬಿ. ಗಡ್ಡೆ ಎಂದು ತಿಳಿಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಟಿ.ಬಿ. ಮಾತ್ರೆ, ಜೊತೆಗೆ ತಪ್ಪದೆ ಎ.ಆರ್.ಟಿ. ಈಗ ಆ ಹುಡುಗ ಐ.ಟಿ.ಐ. ಓದುತ್ತಿದ್ದಾನೆ. ಆ ಸಂಜೆ ಕಾಕಾನಿಗೆ ಗಾಡಿ ಸಿಕ್ಕಿದ್ದರೆ ಅವನು ಇಂದು ಇರುತ್ತಿರಲಿಲ್ಲ.

ಯಾವ ಪರೀಕ್ಷೆಗಳು?

ಮೊದಲು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್. ಜೊತೆಗೆ ಸಿ.ಡಿ.4, ವೈರಲ್ ಲೋಡ್, ಟಿ.ಬಿ. ಮತ್ತು ಟಾಕ್ಸೋಪ್ಲಾಸ್ಮಾ ಪರೀಕ್ಷೆಗಳು. ತಲೆಯೊಳಗಿನ ಒತ್ತಡ ನೋಡಿ, ಸುರಕ್ಷಿತ ಎನಿಸಿದರೆ ಬೆನ್ನಿನಿಂದ ನೀರು ತೆಗೆದು ಅದರಲ್ಲಿ ಕ್ಯಾನ್ಸರ್ ಕಣ, ಟಿ.ಬಿ. ರೋಗಾಣು, ಇ.ಬಿ.ವಿ. ಇದೆಯೇ ಎಂದು ನೋಡುತ್ತಾರೆ. "ಬೆನ್ನಾಗಿನ ನೀರು ತೆಗದ್ರ ಕಾಲು ಹೋಗ್ತಾವು" ಎಂದು ಜನ ಹೆದರುತ್ತಾರೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಮೇಲಿನ ಕೆಳಭಾಗದಲ್ಲಿ, ಹಾಗಾಗಿ ಆ ಹೆದರಿಕೆ ಬೇಡ. ಕಣ್ಣಿನ ಪರೀಕ್ಷೆಯೂ ಬೇಕು. ಇಷ್ಟರಿಂದ ತಿಳಿಯದಿದ್ದರೆ ತಲೆಬುರುಡೆಯಲ್ಲಿ ಚಿಕ್ಕ ರಂಧ್ರ ಮಾಡಿ ಗಡ್ಡೆಯ ಒಂದು ಚೂರು ತೆಗೆಯುವ ಬಯಾಪ್ಸಿ.

ಇಲ್ಲಿ ಸ್ಟಿರಾಯ್ಡ್ ವಿಷಯ ಹೇಳಲೇಬೇಕು. ಸ್ಟಿರಾಯ್ಡ್ ಸೂಜಿ ಮೆದುಳಿನ ಊತವನ್ನು ಇಳಿಸುತ್ತದೆ. ಜೀವಕ್ಕೆ ಅಪಾಯವಿದ್ದಾಗ ಅದು ಬೇಕೇ ಬೇಕು. ಆದರೆ ಲಿಂಫೋಮಾ ಕಣಗಳನ್ನು ಅದು ಕೆಲವು ದಿನ ಕರಗಿಸಿಬಿಡುತ್ತದೆ. ಗಡ್ಡೆ ಮರೆಯಾದಂತೆ ಕಾಣುತ್ತದೆ, ಬಯಾಪ್ಸಿಯಲ್ಲಿ ರೋಗ ಸಿಗುವುದಿಲ್ಲ, ಆಮೇಲೆ ಗಡ್ಡೆ ತಿರುಗಿ ಬರುತ್ತದೆ. ಆ ಹುಡುಗಿ ಎರಡು ವಾರ ಆರಾಮಾಗಿದ್ದಳಲ್ಲ, ಅದು ಗುಣವಾದ ಆರಾಮ ಆಗಿರಲಿಲ್ಲ. ಹಾಗಾಗಿ ಹಳೆಯ ಚೀಟಿ, ಖಾಲಿ ಸೀಸೆ, ಮಾತ್ರೆಯ ಹಾಳೆ ಯಾವುದನ್ನೂ ಎಸೆಯಬೇಡಿ. ಒಂದು ಕೈಚೀಲದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಚಿಕಿತ್ಸೆ ಇದೆಯೇ?

ಇದೆ. ಸುಲಭದ್ದಲ್ಲ, ಆದರೆ ಇದೆ. ಚಿಕಿತ್ಸೆ ಇಲ್ಲದಿದ್ದರೆ ಈ ರೋಗ ವಾರಗಳಲ್ಲಿ ಅಥವಾ ಕೆಲವೇ ತಿಂಗಳುಗಳಲ್ಲಿ ಮಗುವನ್ನು ಒಯ್ಯುತ್ತದೆ. ಎಚ್.ಐ.ವಿ. ಮಕ್ಕಳಲ್ಲಿ ಮೊದಲ ಹೆಜ್ಜೆ ಎ.ಆರ್.ಟಿ. ಕಾವಲು ಕಣಗಳು ಏಳದೆ ಕ್ಯಾನ್ಸರ್ ಔಷಧಿ ಒಂದೇ ಸಾಲದು. ಎರಡನೆಯದು ಮೆಥೋಟ್ರೆಕ್ಸೇಟ್ ಎಂಬ ಔಷಧಿ. ಸಾಮಾನ್ಯ ಪ್ರಮಾಣದಲ್ಲಿ ಇದು ಮೆದುಳಿಗೆ ಸಾಕಷ್ಟು ತಲುಪುವುದಿಲ್ಲ. ಅದಕ್ಕೇ ದೊಡ್ಡ ಪ್ರಮಾಣದಲ್ಲಿ ನರದ ಮೂಲಕ ಕೊಟ್ಟು, ಆಮೇಲೆ ದೇಹವನ್ನು ಕಾಪಾಡಲು ಫೋಲಿನಿಕ್ ಆಮ್ಲ ಕೊಡುತ್ತಾರೆ. ಮಗು ಆಸ್ಪತ್ರೆಯಲ್ಲೇ ಇರಬೇಕು, ರಕ್ತದಲ್ಲಿ ಔಷಧಿಯ ಮಟ್ಟ ನೋಡುತ್ತಿರಬೇಕು. ಕೆಲವರಿಗೆ ರಿಟುಕ್ಸಿಮ್ಯಾಬ್ ಎಂಬ ಔಷಧಿಯನ್ನೂ ಸೇರಿಸುತ್ತಾರೆ. ತಲೆಗೆ ವಿಕಿರಣ ಕೊಡುವುದು ಹಳೆಯ ಪದ್ಧತಿ. ಬೆಳೆಯುವ ಮೆದುಳಿಗೆ, ಕಲಿಕೆಗೆ ಅದರಿಂದ ಹಾನಿ ಇರುವುದರಿಂದ ಮಕ್ಕಳಲ್ಲಿ ಆದಷ್ಟು ತಪ್ಪಿಸಲು ನೋಡುತ್ತಾರೆ. ಕಸಿ ಆದ ಮಕ್ಕಳಲ್ಲಿ ಶಕ್ತಿ ಕುಗ್ಗಿಸುವ ಔಷಧಿಯನ್ನು ವೈದ್ಯರೇ ಇಳಿಸುತ್ತಾರೆ. ಮನೆಯವರು ತಾವಾಗಿ ನಿಲ್ಲಿಸಬಾರದು.

ಗುಣವಾಗದ ಹಂತದಲ್ಲಿಯೂ ನೋವು, ವಾಂತಿ, ಫಿಟ್ಸ್ ಕಡಿಮೆ ಮಾಡಲು ಔಷಧಿ ಇದೆ. "ಇನ್ನೇನೂ ಇಲ್ಲ" ಎಂದು ಮಗುವನ್ನು ನೋವಿನಲ್ಲಿ ಬಿಡುವುದು ಸರಿಯಲ್ಲ.

ಗುಟ್ಟು ಯಾರಿಂದ?

ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಕೆಲವು ಮನೆಯವರು ಎ.ಆರ್.ಟಿ. ಪುಸ್ತಕವನ್ನು ಬಚ್ಚಿಡುತ್ತಾರೆ. "ಗೊತ್ತಾದರೆ ಹಾಸಿಗೆ ಕೊಡೋದಿಲ್ಲ" ಎಂಬ ಭಯ. ಆದರೆ ಮಗು ದಿನಾ ನುಂಗುವ ಕೋಟ್ರೈಮಾಕ್ಸಜೋಲ್ ಮಾತ್ರೆ ಮೆಥೋಟ್ರೆಕ್ಸೇಟಿನ ಜೊತೆ ಸೇರಿದರೆ ವಿಷವಾಗಬಹುದು. ಯಾವುದು ನಿಲ್ಲಿಸಬೇಕು, ಯಾವುದು ಮುಂದುವರಿಸಬೇಕು ಎಂದು ಎರಡೂ ಕಡೆಯ ವೈದ್ಯರು ಮಾತಾಡಿ ತೀರ್ಮಾನಿಸಬೇಕು. ಆದ್ದರಿಂದ ಚಿಕಿತ್ಸೆ ಕೊಡುವ ವೈದ್ಯರಿಂದ ಏನನ್ನೂ ಮುಚ್ಚಿಡಬೇಡಿ. ಊರಿನವರಿಗೆ ಹೇಳಬೇಕಾದ ಅಗತ್ಯವಿಲ್ಲ. ಎಚ್.ಐ.ವಿ. ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯಿದೆ, 2017, ಸೆಪ್ಟೆಂಬರ್ 2018 ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಆಸ್ಪತ್ರೆಯಲ್ಲಾಗಲಿ ಶಾಲೆಯಲ್ಲಾಗಲಿ ಇಂಥವರಿಗೆ ತಾರತಮ್ಯ ಮಾಡುವಂತಿಲ್ಲ. ಕಾರ್ಯಕರ್ತೆಯರಾದ ನಾವು ಕೂಡ ಮಗುವಿನ ಸ್ಥಿತಿಯನ್ನು ಸಂಘದ ಸಭೆಯಲ್ಲಿ ಬಾಯಿ ತಪ್ಪಿಯೂ ಆಡಬಾರದು.

ತಡೆಯುವುದು ನಮ್ಮ ಕೈಯಲ್ಲಿದೆ

ನಮ್ಮ ದೇಶದಲ್ಲಿ ಉಚಿತ ಎ.ಆರ್.ಟಿ. 2004 ರ ಏಪ್ರಿಲ್‌ನಲ್ಲಿ ಶುರುವಾಯಿತು. ಮಕ್ಕಳಿಗಾಗಿ ವಿಶೇಷ ಕಾರ್ಯಕ್ರಮ 2006 ರ ಕೊನೆಗೆ ಬಂತು. ಮೊದಲೆಲ್ಲ ಸಿ.ಡಿ.4 ಇಳಿಯುವವರೆಗೆ ಕಾಯಬೇಕಿತ್ತು. 2017 ರಿಂದ ಸೋಂಕು ಇದೆ ಎಂದು ತಿಳಿದ ಕೂಡಲೇ ಎಲ್ಲರಿಗೂ ಚಿಕಿತ್ಸೆ. ಅಂದರೆ ಇಂದು ಒಂದು ಮಗುವಿನ ಸಿ.ಡಿ.4 ಹದಿನೆಂಟಕ್ಕೆ ಇಳಿಯಬೇಕಾದ ಕಾರಣವೇ ಇಲ್ಲ. ಹೀಗೆ ಮಾಡೋಣ:

1. ಸೋಂಕು ಇರುವ ತಾಯಿಗೆ ಹುಟ್ಟಿದ ಮಗುವಿಗೆ ಆರು ವಾರಕ್ಕೆ ರಕ್ತಪರೀಕ್ಷೆ ಮಾಡಿಸೋಣ.
2. ಮಗು ಬೆಳೆದಂತೆ ತೂಕ ನೋಡಿ ಮಾತ್ರೆಯ ಪ್ರಮಾಣ ಬದಲಾಗಬೇಕು. ಪ್ರತಿ ಭೇಟಿಯಲ್ಲಿ ತೂಕ ಮಾಡಿಸೋಣ.
3. ಕಬ್ಬಿಗೆ, ಕಟ್ಟಡದ ಕೆಲಸಕ್ಕೆ ಊರು ಬಿಡುವ ಮೊದಲು ಎ.ಆರ್.ಟಿ. ಕೇಂದ್ರದಲ್ಲಿ ಹೇಳೋಣ. ಹೆಚ್ಚು ದಿನದ ಮಾತ್ರೆ ಕೊಡಲು, ಅಥವಾ ಹೋಗುವ ಊರಿನ ಹತ್ತಿರದ ಕೇಂದ್ರಕ್ಕೆ ಬರೆದುಕೊಡಲು ಅಲ್ಲಿ ವ್ಯವಸ್ಥೆ ಇದೆ.
4. ಅಜ್ಜಿಗೆ ಓದು ಬಾರದಿದ್ದರೆ ಪಕ್ಕದ ಮನೆಯ ನಂಬಿಕೆಯ ಒಬ್ಬರನ್ನು ಮಾತ್ರೆಯ ಜೊತೆಗಾರರನ್ನಾಗಿ ಮಾಡೋಣ. ಅಜ್ಜಿಯ ಒಪ್ಪಿಗೆ ಮೊದಲು.
5. ಬಿ.ಪಿ.ಎಲ್. ಕಾರ್ಡು, ಆಧಾರ್, ಎ.ಆರ್.ಟಿ. ಪುಸ್ತಕ ಒಂದೇ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ.
6. ಸಂಶಯ ಬಂದರೆ 1097 ಕ್ಕೆ ಫೋನ್ ಮಾಡಬಹುದು. ಇದು ಎಚ್.ಐ.ವಿ. ಬಗ್ಗೆ ಮಾಹಿತಿ ಕೊಡುವ ಉಚಿತ ಸಹಾಯವಾಣಿ.

ಕೊನೆಯ ಮಾತು

ಆ ಅಜ್ಜಿ ಈಗಲೂ ನಮ್ಮ ಸಂಘದ ಸಭೆಗೆ ಬರುತ್ತಾರೆ. ಹೋದ ಸಲ ಹೊಸ ಸದಸ್ಯೆಯೊಬ್ಬಳು ತನ್ನ ಮಗನ ತಲೆನೋವಿನ ಮಾತೆತ್ತಿ "ಸಾಲಿ ತಪ್ಪಿಸಾಕ ಹೇಳ್ತಾನ" ಎಂದು ನಕ್ಕಳು. ಎಲ್ಲರಿಗಿಂತ ಮೊದಲು ಅಜ್ಜಿಯೇ ಹೇಳಿದರು: "ನೆವ ಅನಬ್ಯಾಡವ್ವ. ನಾಳೆ ಮುಂಜಾನೆ ತೋರ್ಸು. ನಾ ಬರ್ತೀನಿ ಸಂಗಾಟ." ಆ ಹುಡುಗನಿಗೆ ಬೇಕಾಗಿದ್ದದ್ದು ಕನ್ನಡಕ ಮಾತ್ರ. ಆದರೂ ಅಜ್ಜಿ ಮಾಡಿದ್ದೇ ಸರಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಮಕ್ಕಳ ತಲೆನೋವಿಗೆ ಮೊದಲು ಏನು ಮಾಡುತ್ತೇವೆ? ಎಷ್ಟು ದಿನ ಕಾಯುತ್ತೇವೆ?
2. ಹಂಗಾಮಿಗೆ ಊರು ಬಿಡುವ ಕುಟುಂಬಗಳ ಮಕ್ಕಳ ಔಷಧಿ, ಶಾಲೆ ಎರಡನ್ನೂ ನೋಡಿಕೊಳ್ಳಲು ಸಂಘ ಏನು ಮಾಡಬಹುದು?
3. ಒಬ್ಬರ ರೋಗದ ಗುಟ್ಟು ಕಾಪಾಡಿಕೊಂಡೇ ಅವರಿಗೆ ನೆರವಾಗುವುದು ಹೇಗೆ?